ಎಣ್ಣೆ ಹೋಗುವಷ್ಟು ಸಂದು

ವಾಗ್ದಾನದ ನಾಡಿನಲ್ಲಿ ಹಾಲೂ ಜೇನೂ ಹರಿಯುತ್ತವೆ ಎಂದು ಮೋಶೆಯ ಕಾಲದಿಂದ ಹೇಳಿಕೊಂಡು ಬಂದಿದ್ದಾರೆ. ದಾವಣಗೆರೆಯಲ್ಲಿ ಪ್ರಬೋಧನೆ ಮಾಡುವವರಿಗೆ ಇಲ್ಲೇ ಮೊದಲ ತೊಡಕು. ಹಾಲು, ಜೇನು ಎಂದ ಕೂಡಲೇ ನಮ್ಮೂರ ಜನ 'ಬೆಣ್ಣೆ ಎಲ್ಲಿ?' ಎಂದು ಕಣ್ಣಲ್ಲೇ ಕೇಳುತ್ತಾರೆ. ಬೆಣ್ಣೆಯಿಲ್ಲದ ಸ್ವರ್ಗಕ್ಕೆ ಹೋಗಲು ಅವರಿಗೆ ಅಂಥ ಅವಸರವೇನೂ ಇಲ್ಲ.

ನಮ್ಮದು ಶಿವಮೊಗ್ಗ ಧರ್ಮಕ್ಷೇತ್ರ. 1988ಕ್ಕೆ ಮೊದಲು ಚಿಕ್ಕಮಗಳೂರಿಗೆ ಸೇರಿದ್ದೆವು. ಫಾದರ್‌ಗಳು ಕರಾವಳಿಯಿಂದಲೋ ಮಲೆನಾಡಿನಿಂದಲೋ ಬರುತ್ತಾರೆ, ಕೆಲವು ವರ್ಷ ಇರುತ್ತಾರೆ, ವರ್ಗವಾಗಿ ಹೋಗುತ್ತಾರೆ. ಬಂದವರೆಲ್ಲ ಒಂದೇ ಹಾದಿ ತುಳಿಯುವುದನ್ನು ನಾವು ಹಳಬರು ಹಿಂದಿನ ಬೆಂಚಿನಲ್ಲಿ ಕೂತು ಗಮನಿಸಿದ್ದೇವೆ. ಮೊದಲ ಭಾನುವಾರಗಳ ಪ್ರಬೋಧನೆಯಲ್ಲಿ ದೋಸೆ ಬಂದೇ ಬರುತ್ತದೆ: ಬೆಣ್ಣೆ ಕರಗಿ ದೋಸೆಯೊಳಗೆ ಇಳಿದಂತೆ ದೇವರ ಕೃಪೆ ನಮ್ಮೊಳಗೆ ಇಳಿಯಬೇಕು. ಮಳೆಗಾಲದ ಹೊತ್ತಿಗೆ ಮಂಡಕ್ಕಿ. ಪೂಜಾವರ್ಷ ಮುಗಿಯುವ ನವೆಂಬರಿನಲ್ಲಿ ಲೋಕದ ಅಂತ್ಯ, ಕೊನೆಯ ತೀರ್ಪು ಇವುಗಳ ವಾಚನ ಬರುತ್ತದಲ್ಲ, ಆಗ ಮೆಣಸಿನಕಾಯಿ ಬೋಂಡ. ಎರಡನೆಯ ವರ್ಷಕ್ಕೆ ಅವರಿಗೂ ಗ್ಯಾಸ್ಟ್ರಿಕ್ ಶುರುವಾಗಿ ಉದಾಹರಣೆಗಳು ಇಡ್ಲಿಯ ಕಡೆಗೆ ತಿರುಗುತ್ತವೆ. ಫಾದರ್ ಊರಿಗೆ ಬಂದು ಎಷ್ಟು ದಿನವಾಯಿತೆಂದು ತಿಳಿಯಲು ನಮಗೆ ಕ್ಯಾಲೆಂಡರು ಬೇಕಿಲ್ಲ.

ಅವರನ್ನು ದೂರುವಂತಿಲ್ಲ. ಈ ಚಾಳಿಯನ್ನು ಶುರುಮಾಡಿದ್ದು ಯೇಸುಸ್ವಾಮಿಯೇ. ಉಪ್ಪು, ದೀಪ, ಬಲೆ, ಬಿತ್ತನೆ ಬೀಜ, ಹಳೇ ಅಂಗಿಗೆ ಹಾಕಿದ ಹೊಸ ತೇಪೆ, ಯಾವುದನ್ನೂ ಅವರು ಬಿಟ್ಟಿಲ್ಲ. ಗುಬ್ಬಚ್ಚಿಯ ರೇಟು ಕೂಡ ಗೊತ್ತಿತ್ತು. ಮತ್ತಾಯ ಬರೆದ ಶುಭಸಂದೇಶದಲ್ಲಿ ಕಾಸಿಗೆ ಎರಡು ಗುಬ್ಬಿ. ಲೂಕನಲ್ಲಿ ಎರಡು ಕಾಸಿಗೆ ಐದು. ಲೆಕ್ಕ ಹಾಕಿದರೆ ಐದನೆಯದು ಕೊಸರು. ದೇವರು ಮರೆಯುವುದಿಲ್ಲ ಎಂದು ಸ್ವಾಮಿ ಹೇಳಿದ್ದು ಆ ಕೊಸರು ಗುಬ್ಬಿಯನ್ನೂ ಸೇರಿಸಿಯೇ. ಇದನ್ನು ನನಗೆ ತೋರಿಸಿಕೊಟ್ಟವರು ಯಾವ ದೈವಶಾಸ್ತ್ರಜ್ಞರೂ ಅಲ್ಲ. ಸೊಪ್ಪಿನವಳ ಹತ್ತಿರ ಎರಡು ಕಟ್ಟು ಕೊಂಡು ಕೊಸರಿಗೆ ಕೊತ್ತಂಬರಿ ಕೇಳುತ್ತಾ ಬದುಕು ಸವೆಸಿದ ನನ್ನ ಸೋದರತ್ತೆ.

ಅತ್ತೆ ಇರುವುದು ಹರಿಹರದಲ್ಲಿ. ದಾವಣಗೆರೆಯಿಂದ ಬಸ್ಸು ಹತ್ತಿ ಸೀಟು ಹಿಡಿದು ಪಕ್ಕದವರ ಊರುಕೇರಿ ವಿಚಾರಿಸುವಷ್ಟರಲ್ಲಿ ಬಂದುಬಿಡುವ ಊರು. ಅವರಿಗೆ ಕಂಡದ್ದರಲ್ಲೆಲ್ಲ ಪಾಠ ಕಾಣುತ್ತದೆ. ಕುಕ್ಕರ್ ಕೂಗಿದರೆ ಪ್ರಾರ್ಥನೆಯ ಪಾಠ, ಕರೆಂಟು ಹೋದರೆ ಎಚ್ಚರದ ಕನ್ಯೆಯರ ಪಾಠ, ನಲ್ಲಿಯಲ್ಲಿ ನೀರು ಬಾರದಿದ್ದರೆ ಸಮಾರ್ಯದ ಹೆಂಗಸಿನ ಪಾಠ. ನೀರು ಬಂದರೆ ಮಾತ್ರ ಪಾಠವಿಲ್ಲ, ಕೊಡ ತುಂಬಿಸುವ ಗಡಿಬಿಡಿ.

ಮಾವ ಟರ್ನರ್. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಬಂದ ಮೇಲೆ ಹರಿಹರದ ಲೇತು ಎಂದರೆ ದೂರದೂರದವರಿಗೂ ಗೊತ್ತಾಯಿತು. ಊರಿನ ಎಷ್ಟೋ ಹುಡುಗರಿಗೆ ಮೈಕ್ರೋಮೀಟರ್ ಹಿಡಿಯುವುದು ಕೈಬರಹದಷ್ಟೇ ಸಹಜವಾಯಿತು. ಮಾವ ದೊಡ್ಡ ಕಾರ್ಖಾನೆಯಲ್ಲಿ ಇದ್ದವರಲ್ಲ, ಒಂದು ಸಣ್ಣ ವರ್ಕ್‌ಷಾಪಿನಲ್ಲಿ ಲೇತಿನ ಮುಂದೆ ನಿಂತು ನಿವೃತ್ತರಾದವರು. ಆದರೆ ಆ ಊರಿನ ಅಳತೆಯ ಶಿಸ್ತು ಅವರಿಗೂ ಅಂಟಿದೆ. ಅತ್ತೆಯ ಪಾಠಗಳನ್ನು ಅವರು ಕೇಳುವುದು ಜಾಬ್ ಇನ್ಸ್‌ಪೆಕ್ಷನ್ ಮಾಡಿದ ಹಾಗೆ, ಒಂದು ಕಣ್ಣು ಮುಚ್ಚಿ.

ಒಂದು ಸಂಜೆ ಅತ್ತೆ ದೋಸೆಹಿಟ್ಟಿಗೆ ಮುಚ್ಚಳ ಹಾಕುತ್ತಾ ಹುಳಿಹಿಟ್ಟಿನ ಸಾಮತಿ ಎತ್ತಿಕೊಂಡರು. ಒಬ್ಬಳು ಹೆಂಗಸು ಮೂರು ಅಳತೆ ಹಿಟ್ಟಿನಲ್ಲಿ ಹುಳಿ ಅಡಗಿಸಿಟ್ಟಳು, ಹಿಟ್ಟೆಲ್ಲ ಉಬ್ಬಿತು, ಸ್ವರ್ಗರಾಜ್ಯ ಅದರಂತೆ. ಇಷ್ಟೇ ಕಥೆ. ಅತ್ತೆ ಅದನ್ನು ಬಿಡಿಸತೊಡಗಿದರು: ಹಿಟ್ಟು ಅಂದ್ರೆ ಲೋಕ, ಹುಳಿ ಅಂದ್ರೆ ಶುಭಸಂದೇಶ, ಮೂರು ಅಳತೆ ಅಂದ್ರೆ ತ್ರಿತ್ವ, ಅಕ್ಕಿ ದೇಹ, ಉದ್ದು ಆತ್ಮ, ನಮ್ಮ ಕಡೆ ರುಬ್ಬುವಾಗ ಹಾಕೋ ಮಂಡಕ್ಕಿ ದೀನತೆ, ಯಾಕಂದ್ರೆ ಅದಕ್ಕೆ ತೂಕ ಇಲ್ಲ, ಮುಚ್ಚಳ ಧರ್ಮಸಭೆ.

ಮಾವ ಪೇಪರಿನಿಂದ ತಲೆ ಎತ್ತಿದರು. "ಹೋಟ್ಲಿನೋರು ಸೋಡಾ ಹಾಕ್ತಾರಲ್ಲ, ಅದು ಯಾರು?"

ಅತ್ತೆ ಉತ್ತರ ಕೊಡಲಿಲ್ಲ. ಮಾವ ನನ್ನ ಕಡೆ ತಿರುಗಿ ಹೇಳಿದ್ದನ್ನು ನಾನು ಆಮೇಲೆ ಎಷ್ಟೋ ಪ್ರಬೋಧನೆಗಳ ನಡುವೆ ನೆನೆಸಿಕೊಂಡಿದ್ದೇನೆ. "ನೋಡು ತಮ್ಮಾ, ಶಾಫ್ಟಿಗೂ ಬುಶ್ಶಿಗೂ ನಡುವೆ ಒಂಚೂರು ಸಂದು ಬಿಡಬೇಕು, ಎಣ್ಣೆ ಹೋಗಾಕೆ. ಪೂರ್ತಿ ಟೈಟ್ ಮಾಡಿದ್ರೆ ತಿರುಗೋದಿಲ್ಲ, ಜಾಮ್ ಆಗ್ತತಿ. ನಿಮ್ಮತ್ತೆ ಕಥೆಗಳೆಲ್ಲ ಜಾಮ್ ಆಗ್ಯಾವೆ."

ಯೇಸುಸ್ವಾಮಿಯ ಸಾಮತಿಗಳನ್ನು ಆ ಸಂದು ಹುಡುಕುತ್ತ ಓದಿದರೆ ಒಂದು ವಿಷಯ ಹೊಳೆಯುತ್ತದೆ. ಅವುಗಳಲ್ಲಿ ಯಾವುದೂ ಅಚ್ಚುಕಟ್ಟಾಗಿ ಕೂರುವುದಿಲ್ಲ, ಎಲ್ಲೋ ಒಂದು ಕಡೆ ಲೆಕ್ಕ ತಪ್ಪುತ್ತದೆ. ಆ ಹುಳಿಹಿಟ್ಟಿನ ಹೆಂಗಸನ್ನೇ ನೋಡಿ. ಮೂರು ಅಳತೆ ಎಂದರೆ ಆ ಕಾಲದ ಮಾಪಿನಲ್ಲಿ ಸುಮಾರು 40 ಲೀಟರ್ ಹಿಟ್ಟು. ನೂರಕ್ಕೂ ಹೆಚ್ಚು ಜನ ಉಣ್ಣುವಷ್ಟು ರೊಟ್ಟಿ. ಗಲಿಲಾಯದ ಒಂದು ಮನೆಯಲ್ಲಿ ಒಬ್ಬಳೇ ಅಷ್ಟು ಹಿಟ್ಟು ನಾದಿಟ್ಟು ಏನು ಮಾಡುವವಳಿದ್ದಳು? ನನಗನ್ನಿಸುವುದು, ಅವಳದೊಂದು ಹೋಟೆಲು. ದಾವಣಗೆರೆಯವನಿಗೆ ಬೇರೆ ಏನೂ ಅನ್ನಿಸುವುದು ಸಾಧ್ಯವೂ ಇಲ್ಲ. ಬೆಣ್ಣೆದೋಸೆಯ ಮೂಲದ ಬಗ್ಗೆ ನಮ್ಮೂರಲ್ಲಿ ಹೇಳುವ ಕಥೆಯಲ್ಲೂ ಒಬ್ಬಳು ಹೆಂಗಸು ಇದ್ದಾಳೆ: 1928ರ ಸುಮಾರಿಗೆ ಬೆಳಗಾವಿ ಕಡೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದು ಒಲೆ ಹೂಡಿದ ಚೆನ್ನಮ್ಮ. ಆಗ ಹುಯ್ಯುತ್ತಿದ್ದುದು ರಾಗಿದೋಸೆಯಂತೆ. ಅಕ್ಕಿಹಿಟ್ಟು, ಬೆಣ್ಣೆ ಎಲ್ಲ ಮಕ್ಕಳ ಕಾಲಕ್ಕೆ ಬಂದವು. ಹೊಸ ಊರಲ್ಲಿ ರಾತ್ರಿ ಹಿಟ್ಟು ಮುಚ್ಚಿಟ್ಟು ಮಲಗಿದವಳಿಗೆ ಮುಂದೊಂದು ದಿನ ಈ ಊರಿನ ಹೆಸರಿಗೇ ತನ್ನ ತಿಂಡಿ ಅಂಟಿಕೊಳ್ಳುತ್ತದೆ ಎಂದು ಗೊತ್ತಿದ್ದಿರಲಾರದು. ಇಲ್ಲಿ ಹುಳಿ ಯಾರು, ಹಿಟ್ಟು ಯಾರು ಎಂದು ನಾನು ಬಿಡಿಸಲು ಹೋಗುವುದಿಲ್ಲ. ಮಾವ ಬೈಯುತ್ತಾರೆ.

ಮಂಡಕ್ಕಿಯ ವಿಷಯಕ್ಕೆ ಬಂದರೆ, ಪ್ರಬೋಧನೆಗಾಗಿಯೇ ದೇವರು ಸೃಷ್ಟಿಸಿದ ಪದಾರ್ಥ ಅದು ಎಂದು ಮೇಲುನೋಟಕ್ಕೆ ಕಾಣುತ್ತದೆ. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಹೊಟ್ಟು ತೆಗೆದು, ಉಪ್ಪುನೀರು ಕುಡಿಸಿ, ಕೊನೆಗೆ ಕಾದ ಮರಳಿಗೆ ಸುರಿಯುತ್ತಾರೆ. ಒಂದೇ ಗಳಿಗೆ, ಅಕ್ಕಿ ಅರಳಿ ಮಲ್ಲಿಗೆಯಾಗುತ್ತದೆ. ಕಷ್ಟದ ಬೆಂಕಿಯಲ್ಲಿ ಬೆಂದವನೇ ದೊಡ್ಡವನಾಗುತ್ತಾನೆ ಎಂದು ಹೇಳಲು ಇದಕ್ಕಿಂತ ಬೇರೆ ಬೇಕೆ? ಒಮ್ಮೆ ಹೀಗೆ ಒಂದು ಪ್ರಬೋಧನೆ ಕೇಳಿದ ವಾರವೇ ಮನೆಯ ಸಮಾರಂಭಕ್ಕೆ ಚೀಲಗಟ್ಟಲೆ ಮಂಡಕ್ಕಿ ಬೇಕಾಗಿ ಮಂಡಕ್ಕಿ ಭಟ್ಟಿ ಬಡಾವಣೆಗೆ ಹೋದೆ. ತಗಡಿನ ಸೂರು, ಹೊಗೆಗೆ ಕಪ್ಪಾದ ಗೋಡೆ, ಒಲೆಯ ಬಾಯಿಗೆ ಹೊಟ್ಟು ತಳ್ಳುತ್ತಿದ್ದ ಹುಡುಗ. ಬಾಣಲೆಯ ಮುಂದೆ ನಿಂತವನಿಗೆ ನನ್ನಷ್ಟೇ ವಯಸ್ಸು, ಕಣ್ಣು ಮಾತ್ರ ಕೆಂಡ. ತೂಕವಾಗುವವರೆಗೆ ಸುಮ್ಮನೆ ನಿಲ್ಲಲಾರದೆ, ಭಾನುವಾರ ಕೇಳಿದ್ದನ್ನು ಅವನ ಮುಂದೆ ಒಂದಿಷ್ಟು ಬಿಚ್ಚಿದೆ. ಆತ ಜಾಲರಿಯಿಂದ ಮರಳು ಜಾಡಿಸುತ್ತಲೇ ಕೇಳಿಸಿಕೊಂಡ.

"ಅಕ್ಕಿ ಅರಳ್ತತಿ ಸಾರ್, ಖರೆ. ನಾವು ಸುಡ್ತೀವಿ."

ಅವನೇನೂ ಸಿಟ್ಟಿನಿಂದ ಹೇಳಲಿಲ್ಲ. ಅಕ್ಕಿಯ ರೇಟು ಹೇಳಿದಷ್ಟೇ ಸಲೀಸಾಗಿ ಹೇಳಿ ಮುಂದಿನ ಘಾಣಕ್ಕೆ ಕೈ ಹಾಕಿದ. ಕಾವಿನಲ್ಲಿ ಪಾಠ ಹುಡುಕುವವರು ಸಾಮಾನ್ಯವಾಗಿ ಫ್ಯಾನಿನ ಕೆಳಗೆ ಕೂತವರು. ಮರಳಿನಲ್ಲಿ ಅರಳುವ ಅಕ್ಕಿಯನ್ನು ನೋಡುವವರಿಗೆ ಅದನ್ನು ಹುರಿಯುವವನು ಕಾಣುವುದಿಲ್ಲ, ಹೆಚ್ಚೆಂದರೆ ಉದಾಹರಣೆಯ ಹಿನ್ನೆಲೆಯಲ್ಲಿ ಮಸುಕಾಗಿ ನಿಂತಿರುತ್ತಾನೆ. ಯೇಸು ಬಿತ್ತುವವನ ಕಥೆ ಹೇಳಿದಾಗ ಬಿತ್ತುವವರೇ ಎದುರಿಗೆ ಕೂತಿದ್ದರು, ಬಲೆಯ ಕಥೆ ಕೇಳಿದವರ ಕೈಯಲ್ಲಿ ಮೀನಿನ ವಾಸನೆ ಇತ್ತು. ತಪ್ಪು ಹೇಳಿದ್ದರೆ ಅಲ್ಲೇ ಯಾರಾದರೂ ಎದ್ದು ತಿದ್ದುತ್ತಿದ್ದರು. ನಮ್ಮ ಪ್ರಬೋಧನೆಗಳ ಕಷ್ಟ ಇದೇ: ಭಟ್ಟಿಯವನು ಭಟ್ಟಿಯಲ್ಲೇ ಇರುತ್ತಾನೆ.

ಅತ್ತೆಯ ಮೇಲೆ ಇಷ್ಟು ಹೇಳಿದ ಮೇಲೆ ಅವರು ಗೆದ್ದ ಒಂದು ಪ್ರಸಂಗವನ್ನೂ ಹೇಳಬೇಕು. ಅವರ ಕಿವಿಯೋಲೆಯ ತಿರುಪು ಕಳೆದುಹೋಯಿತು. ಚಿನ್ನದ್ದೇ, ಆದರೆ ಜೋಳದ ಕಾಳಿಗಿಂತ ಚಿಕ್ಕದು. ಮಂಚ ಸರಿಸಿದರು, ಬೀರು ಎಳೆಸಿದರು, ಬಚ್ಚಲ ಜಾಲರಿ ತೆಗೆಸಿದರು, ಮಾವನ ಕೈಗೆ ಟಾರ್ಚು ಕೊಟ್ಟು ನೆಲಕ್ಕೆ ಮಲಗಿಸಿದರು. ಸಂತ ಅಂತೋಣಿಯವರಿಗೆ ಮೇಣದಬತ್ತಿಯ ಹರಕೆಯೂ ಆಯಿತು. ಕಳೆದ ವಸ್ತು ಹುಡುಕಿಕೊಡುವ ಖಾತೆ ಅವರದೇ. ಸಂಜೆಗೆ ತಿರುಪು ಪೊರಕೆಯ ಕಡ್ಡಿಗಳ ನಡುವೆಯೇ ಸಿಕ್ಕಿತು. ಅತ್ತೆ ಅಕ್ಕಪಕ್ಕದ ಮನೆಯವರನ್ನೆಲ್ಲ ಕರೆದು ಮೆಣಸಿನಕಾಯಿ, ಖಾರದ ಮಂಡಕ್ಕಿ, ಮೇಲೆ ಚಹಾ ಕೊಟ್ಟರು.

ಮಾವ ಲೆಕ್ಕ ತೆಗೆದರು. ಎಣ್ಣೆ, ಕಡ್ಲೆಹಿಟ್ಟು, ಹಾಲು ಎಲ್ಲ ಸೇರಿ ತಿರುಪಿನ ಬೆಲೆಯ ಹತ್ತಿರ ಹತ್ತಿರ ಬಂತು. "ಸಿಕ್ಕಿದ್ದನ್ನ ತಿಂದು ಮುಗಿಸಿದ್ವಿ" ಎಂದರು.

"ಲೂಕನ ಪುಸ್ತಕ ತೆಗೀರಿ" ಎಂದರು ಅತ್ತೆ. ಅಲ್ಲಿಯೂ ಹತ್ತು ಬೆಳ್ಳಿ ನಾಣ್ಯಗಳಲ್ಲಿ ಒಂದನ್ನು ಕಳೆದುಕೊಂಡವಳು ದೀಪ ಹಚ್ಚಿ, ಮನೆ ಗುಡಿಸಿ, ನಾಣ್ಯ ಸಿಕ್ಕಿದಾಗ ಗೆಳತಿಯರನ್ನೂ ನೆರೆಯವರನ್ನೂ ಕರೆಯುತ್ತಾಳೆ. ಒಂದು ನಾಣ್ಯ ಎಂದರೆ ಒಂದು ದಿನದ ಕೂಲಿ. ಕರೆದವರನ್ನು ಬರಿಗೈಯಲ್ಲಿ ಕಳಿಸಲಾಗುತ್ತದೆಯೆ? ಏನಾದರೂ ಕೊಟ್ಟಿರಲೇಬೇಕು. ಕೊಟ್ಟರೆ ಸಿಕ್ಕಿದ್ದಕ್ಕಿಂತ ಖರ್ಚೇ ಹೆಚ್ಚು. ಪಾಪಿಯೊಬ್ಬ ತಿರುಗಿ ಬಂದರೆ ದೇವದೂತರು ಸಂಭ್ರಮಪಡುತ್ತಾರೆಂದು ಸ್ವಾಮಿ ಆ ಕಥೆಗೆ ಸೇರಿಸಿದ್ದಾರೆ, ಆದರೆ ಆ ಸಂಭ್ರಮದ ಬಿಲ್ಲು ಯಾರ ಹೆಸರಿಗೆ ಎಂದು ಹೇಳಿಲ್ಲ. ಅತ್ತೆಯ ಮಾತಿನಲ್ಲಿ: "ಸಂತೋಷಕ್ಕೆ ಲೆಕ್ಕ ಬರೆದಿದ್ರೆ ಅವಳು ನಾಣ್ಯ ಹುಡುಕ್ತಾನೇ ಇರ್ಲಿಲ್ಲ, ಒಂಬತ್ತು ಐತೆ ಸಾಕು ಅಂತ ಮಲಗ್ತಿದ್ಲು." ಸಂದು ಬಿಟ್ಟ ಕಥೆಗೆ ಎಣ್ಣೆ ಹೋಗುವುದೆಂದರೆ ಹೀಗೆ. ಮಾವ ಒಂದು ಕಣ್ಣು ಮುಚ್ಚಿ ನೋಡಿದರು, ಪಾಸ್ ಮಾಡಿದರು.

ನಮ್ಮೂರಲ್ಲಿ ಕ್ರೈಸ್ತನಾಗಿ ಬಾಳುವ ನಿಜವಾದ ಪರೀಕ್ಷೆ ಬರುವುದು ಎರಡು ವರ್ಷಕ್ಕೊಮ್ಮೆ. ನಗರದೇವತೆ ದುಗ್ಗಮ್ಮನ ಜಾತ್ರೆ. ಅದು ಬೀಳುವುದು ಬೇಸಿಗೆ ಬಾಗಿಲು ತಟ್ಟುವ ದಿನಗಳಲ್ಲಿ, ಅಂದರೆ ನೇರವಾಗಿ ನಮ್ಮ ತಪಸ್ಸುಕಾಲದ ಮೇಲೆ. 2022ರಲ್ಲೂ 2024ರಲ್ಲೂ ಮಾರ್ಚಿನಲ್ಲಿ, ವಿಭೂತಿ ಬುಧವಾರಕ್ಕೂ ಪಾಸ್ಕ ಹಬ್ಬಕ್ಕೂ ನಡುವೆ. ಊರಿಗೆ ಊರೇ ನೆಂಟರಿಂದ ತುಂಬಿ, ಮನೆಮನೆಯಲ್ಲಿ ಬಾಡೂಟ. ಯಾವ ಬೀದಿಗೆ ಹೋದರೂ ಮಸಾಲೆಯ ವಾಸನೆ ಎದುರಾಗಿ ಬಂದು ಕೈಹಿಡಿದು ಕರೆಯುತ್ತದೆ. ಸೈತಾನ ಅರಣ್ಯದಲ್ಲಿ ಸ್ವಾಮಿಯನ್ನು ಕೆಣಕಿದ್ದು ಬರೀ ಕಲ್ಲನ್ನು ತೋರಿಸಿ ರೊಟ್ಟಿ ಮಾಡು ಎಂದು. ಕುರಿಮಾಂಸ ತೋರಿಸಿರಲಿಲ್ಲ.

ಕಾನೂನು ಕೇಳಿದರೆ ಧರ್ಮಸಭೆ ಅಷ್ಟೇನೂ ಬಿಗಿಯಿಲ್ಲ. ವಿಭೂತಿ ಬುಧವಾರ, ಶುಭ ಶುಕ್ರವಾರ ಉಪವಾಸ, ಶುಕ್ರವಾರಗಳಂದು ಮಾಂಸವಿಲ್ಲ. ಜಾತ್ರೆಯ ಬಾಡೂಟ ಮಂಗಳವಾರ, ಬುಧವಾರ. ಆದರೆ ನಮ್ಮ ಹಿರಿಯರು ನಲವತ್ತೂ ದಿನ ಮಾಂಸ ಬಿಟ್ಟವರು, ಅದು ಮನೆಯ ಕಟ್ಟಳೆಯಾಗಿ ಉಳಿದಿದೆ. ಎದುರುಮನೆಯವರಂತೂ ಜಾತ್ರೆಗೆ ನಮ್ಮನ್ನು ಊಟಕ್ಕೆ ಕರೆಯದೆ ಬಿಟ್ಟ ಉದಾಹರಣೆಯೇ ಇಲ್ಲ. ಕ್ರಿಸ್ಮಸ್ಸಿಗೆ ನಮ್ಮ ಮನೆಯಿಂದ ಕಲ್ಕಲ್, ಕೇಕು ಹೋಗುತ್ತದೆ. ಇದು ಅದರ ಬಡ್ಡಿ. ಒಂದು ಸಲದ ಜಾತ್ರೆಗೆ ಮಾವ ಅತ್ತೆಯೊಂದಿಗೆ ಹರಿಹರದಿಂದ ಹಿಂದಿನ ದಿನವೇ ಬಂದಿಳಿದರು. ಕೈಯಲ್ಲಿ ಚೀಲ, ಬಾಯಲ್ಲಿ ಲೂಕನ ಹತ್ತನೆಯ ಅಧ್ಯಾಯ. ಊರೂರಿಗೆ ಹೊರಟ ಶಿಷ್ಯರಿಗೆ ಸ್ವಾಮಿ, ನಿಮ್ಮನ್ನು ಬರಮಾಡಿಕೊಂಡ ಮನೆಯಲ್ಲಿ ಮುಂದೆ ಇಟ್ಟದ್ದನ್ನು ಉಣ್ಣಿ ಎಂದು ಅಪ್ಪಣೆ ಮಾಡಿದ ಭಾಗ ಅದು. ಉಳಿದ ಬೈಬಲನ್ನು ಮಾವ ಕನ್ನಡಕ ಹುಡುಕಿಕೊಂಡು ಓದುತ್ತಾರೆ, ಈ ಭಾಗ ಮಾತ್ರ ಬಾಯಿಪಾಠ.

"ಅದು ಶಿಷ್ಯರಿಗೆ ಹೇಳಿದ್ದು" ಎಂದರು ಅತ್ತೆ. "ನೀವು ಯಾವತ್ತು ಶಿಷ್ಯರಾದ್ರಿ?"

ಮಧ್ಯಾಹ್ನ ಎದುರುಮನೆಗೆ ಹೋದೆವು. ಶಾಮಿಯಾನ, ಎಲೆಯ ಮೇಲೆ ಎಲೆ, ಯಾರ ಮಗು ಯಾರ ತೊಡೆಯ ಮೇಲಿದೆ ಎಂದು ಯಾರಿಗೂ ತಿಳಿಯದಂಥ ಗದ್ದಲ. ನಮ್ಮನ್ನು ಕಂಡದ್ದೇ ಮನೆಯೊಡತಿ ಬೆವರು ಒರೆಸಿಕೊಳ್ಳುತ್ತಾ ಬಂದು ಒಳಕೋಣೆಗೆ ಕರೆದೊಯ್ದರು. ಅಲ್ಲಿ ಬೇರೆ ಪಾತ್ರೆಯಲ್ಲಿ ಬದನೇಕಾಯಿ ಎಣ್ಣೆಗಾಯಿ, ಕಡಕ್ ರೊಟ್ಟಿ, ಹೋಳಿಗೆ, ಮಜ್ಜಿಗೆ. "ನಿಮ್ದು ಈಗ ಒಪ್ಪತ್ತಿನ ದಿನ ಅಲ್ರೀ, ಗೊತ್ತೈತಿ ನಂಗೆ. ಬೆಳಿಗ್ಗೆನೇ ಬ್ಯಾರೆ ಒಲಿ ಮ್ಯಾಲೆ ಮಾಡಿಟ್ಟೀನಿ. ಚಮಚ ಸೈತ ಅದಕ್ಕೆ ಮುಟ್ಟಿಸಿಲ್ಲ. ಕುಂದರ್ರಿ ಅಣ್ಣಾರೆ."

ಮಾವನ ಮುಖ ನೋಡುವಂತಿತ್ತು. ಮುಂದೆ ಇಟ್ಟದ್ದನ್ನು ಉಣ್ಣಬೇಕು. ಇಟ್ಟದ್ದು ಬದನೇಕಾಯಿ. ಲೂಕನ ಹತ್ತನೆಯ ಅಧ್ಯಾಯದಿಂದ ತಪ್ಪಿಸಿಕೊಳ್ಳಲು ಅವರಿಗೆ ಯಾವ ದಾರಿಯೂ ಉಳಿಯಲಿಲ್ಲ. ಹೊರಗೆ ಮಾಂಸದ ಬಕೆಟ್ಟು ಹಿಡಿದವರು ಓಡಾಡುವ ಸದ್ದು ಕೇಳಿಸಿಕೊಳ್ಳುತ್ತಾ ಎರಡು ರೊಟ್ಟಿ ಮುಗಿಸಿದರು. ಅಷ್ಟು ಜನ ನೆಂಟರ ನಡುವೆ, ನಸುಕಿನಲ್ಲಿ ಎದ್ದು, ಎದುರುಮನೆಯವರ ವ್ರತ ಕೆಡಬಾರದೆಂದು ಇನ್ನೊಂದು ಒಲೆ ಹಚ್ಚಿದ ಹೆಂಗಸಿನ ಬಗ್ಗೆ ಅತ್ತೆ ಏನಾದರೂ ಹೇಳಬಹುದೆಂದು ನಾನು ಕಾದೆ. ಅವರು ಎಣ್ಣೆಗಾಯಿಯನ್ನು ಇನ್ನೊಮ್ಮೆ ಬಡಿಸಿಕೊಂಡರು, ಅಷ್ಟೆ.

ಹರಿಹರದಲ್ಲಿ ಇಂಥದ್ದಕ್ಕೆ ಯಾರೂ ಹುಬ್ಬೇರಿಸುವುದಿಲ್ಲ. ಊರೇ ಇಬ್ಬರು ದೇವರ ಹೆಸರಲ್ಲಿ ನಿಂತದ್ದು. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಗುಡಿಯಲ್ಲಿ ಬಲಗಡೆ ಶಿವ, ಎಡಗಡೆ ವಿಷ್ಣು, ಮೂರ್ತಿ ಒಂದೇ. ಮಾವ ಆ ವಿಗ್ರಹದ ಮುಂದೆ ನಿಂತಾಗ ಭಕ್ತಿಗಿಂತ ಹೆಚ್ಚಾಗಿ ಕಸುಬುದಾರನ ಮೆಚ್ಚುಗೆಯಲ್ಲಿ ನೋಡುತ್ತಾರೆ: "ಜಾಯಿಂಟ್ ಎಲ್ಲಿ ಐತೆ ತೋರ್ಸು ನೋಡಾಣ." ಅದೇ ಊರಿನ ಆರೋಗ್ಯ ಮಾತೆಯ ದೇವಾಲಯ 2019ರಲ್ಲಿ ಬಸಿಲಿಕಾ ಆಯಿತು. ಸೆಪ್ಟೆಂಬರ್ 8ರ ಹಬ್ಬಕ್ಕೆ ಬರುವವರಲ್ಲಿ ಜಪಸರ ಹಿಡಿದವರೆಷ್ಟೋ, ಕುಂಕುಮ ಇಟ್ಟವರೂ ಬುರ್ಖಾದವರೂ ಅಷ್ಟೇ ಕಾಣುತ್ತಾರೆ. ಕಾಯಿಲೆಯ ಮಗುವನ್ನು ಎತ್ತಿಕೊಂಡ ತಾಯಿಗೆ ಯಾವ ಬಾಗಿಲು ಎಂಬುದಕ್ಕಿಂತ ಬಾಗಿಲು ತೆಗೆದಿದೆಯೇ ಎಂಬುದು ಮುಖ್ಯ. ಇದರಿಂದ ಕೋಮು ಸೌಹಾರ್ದದ ಭಾಷಣವೊಂದನ್ನು ತೆಗೆಯುವುದು ಸುಲಭ, ಹಬ್ಬದ ವೇದಿಕೆಗಳಲ್ಲಿ ಗಣ್ಯರು ತೆಗೆದೂ ಇದ್ದಾರೆ. ಆ ತಾಯಿಗೆ ಭಾಷಣ ಕೇಳಿಸುವುದಿಲ್ಲ, ಸಾಲು ಮುಂದೆ ಸರಿಯುತ್ತಿರುತ್ತದೆ.

ಎರಡೂ ಊರುಗಳನ್ನು ಮುಟ್ಟಿಕೊಂಡು ಬೆಂಗಳೂರು–ಪುಣೆ ಹೆದ್ದಾರಿ ಹೋಗುತ್ತದೆ. ಜೆರುಸಲೇಮಿನಿಂದ ಜೆರಿಕೋಗೆ ಇಳಿಯುವ ದಾರಿಯ ಕಥೆ ಹೇಳಲು ನಮ್ಮ ಫಾದರ್‌ಗಳು ಇದನ್ನೇ ಬಳಸುತ್ತಾರೆ, ಇಲ್ಲಿ ಉಪಮೆ ಅಗತ್ಯಕ್ಕಿಂತ ಹೆಚ್ಚು ಸರಿಹೊಂದುತ್ತದೆ. ಗಾಯಗೊಂಡು ಬಿದ್ದವನನ್ನು ಕಂಡೂ ಯಾಜಕ ಸರಿದು ಹೋದ, ಲೇವಿಯ ಸರಿದು ಹೋದ, ಪರಕೀಯನಾದ ಸಮಾರ್ಯದವನು ನಿಂತ. ನಮ್ಮಲ್ಲಿ ಸರಿದು ಹೋಗುವವರಿಗೆ ಒಂದು ಸಬೂಬು ಇತ್ತು: ಎತ್ತಿಕೊಂಡು ಹೋದರೆ ಪೊಲೀಸು, ಸಾಕ್ಷಿ, ಕೋರ್ಟಿನ ಅಲೆದಾಟ. 2016ರಲ್ಲಿ ಸುಪ್ರೀಂ ಕೋರ್ಟು ನೆರವಿಗೆ ಬಂದವರನ್ನು ಕಾಡಬಾರದೆಂಬ ಮಾರ್ಗಸೂಚಿಗೆ ಬಲ ಕೊಟ್ಟಿತು. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಎಂಬ ಹೊಸ ಕಲಮು ಸೇರಿತು. ಅದರ ತಲೆಬರಹದಲ್ಲಿ ಇರುವವನು ಆ ಸಮಾರ್ಯದವನೇ. ಎರಡು ಸಾವಿರ ವರ್ಷದ ಹಿಂದಿನ ಕಥೆಯ ಪಾತ್ರವೊಂದು ಕತ್ತೆಯ ಮೇಲಿಂದ ಇಳಿದು ಡ್ರೈವಿಂಗ್ ಲೈಸೆನ್ಸು, ಇನ್ಶೂರೆನ್ಸುಗಳ ನಡುವೆ ಜಾಗ ಹಿಡಿದು ಕೂತಿದೆ.

ಮಾವನಿಗೆ ಮಾತ್ರ ಅವನಿಗಿಂತ ಛತ್ರದವನ ಮೇಲೆ ಕನಿಕರ. ಸಮಾರ್ಯದವನು ಎರಡು ಬೆಳ್ಳಿ ನಾಣ್ಯ ಅಡ್ವಾನ್ಸು ಕೊಟ್ಟು, ಹೆಚ್ಚಾದರೆ ವಾಪಸ್ ಬರುವಾಗ ಕೊಡುತ್ತೇನೆ ಎಂದು ಹೊರಟುಹೋದ. ಗುರುತು ಪರಿಚಯವಿಲ್ಲದ ಪರಕೀಯನ ಬಾಯಿಮಾತನ್ನು ನಂಬಿ, ಹೆಸರು ತಿಳಿಯದ ಗಾಯಾಳುವನ್ನು ಒಳಗೆ ಮಲಗಿಸಿಕೊಂಡವನು ಛತ್ರದವನು. ಗಂಜಿ ಕಾಸಿದ್ದು, ಬಟ್ಟೆ ಒಗೆದದ್ದು, ರಾತ್ರಿ ಎದ್ದು ನೀರು ಕೊಟ್ಟದ್ದು ಎಲ್ಲ ಅವನ ಮನೆಯವರೇ ಇರಬೇಕು. "ಅವ್ನ ಹೆಸ್ರಲ್ಲಿ ಒಂದು ಕಲಮೂ ಇಲ್ಲ. ಉದ್ರಿ ಕೊಟ್ಟೋನ್ನ ಯಾರು ನೆನೆಸ್ತಾರೆ?" ಎಂದು ಮಾವ ನಿಟ್ಟುಸಿರು ಬಿಡುತ್ತಾರೆ. ವರ್ಕ್‌ಷಾಪಿನಲ್ಲಿ ಉದ್ರಿ ಕೊಟ್ಟು ಕೆಟ್ಟ ಅನುಭವದ ಮಾತು.

ಇನ್ನು ದ್ರಾಕ್ಷಿತೋಟದ ಕೂಲಿಯವರ ಕಥೆ. ನನ್ನನ್ನು ಇವೆಲ್ಲಕ್ಕಿಂತ ಹೆಚ್ಚು ಕಾಡಿದ್ದು ಅದೇ. ಯಜಮಾನ ನಸುಕಿನಲ್ಲಿ ಒಂದು ಬೆಳ್ಳಿ ನಾಣ್ಯಕ್ಕೆ ಮಾತಾಡಿ ಆಳುಗಳನ್ನು ಕರೆತರುತ್ತಾನೆ. ಒಂಬತ್ತು ಗಂಟೆಗೆ, ಮಧ್ಯಾಹ್ನ, ಮೂರಕ್ಕೆ ಮತ್ತೆ ಮತ್ತೆ ಸಂತೆಬೀದಿಗೆ ಹೋಗುತ್ತಾನೆ. ಸಂಜೆ ಐದಕ್ಕೂ ಕೆಲವರು ನಿಂತೇ ಇರುತ್ತಾರೆ. ಯಾಕೆ ಎಂದರೆ, ಯಾರೂ ಕರೆಯಲಿಲ್ಲ. ಅವರಿಗೂ ಪೂರ್ತಿ ನಾಣ್ಯ. ದಿನವಿಡೀ ಬಿಸಿಲಲ್ಲಿ ದುಡಿದವರು ಗೊಣಗುತ್ತಾರೆ. ಚರ್ಚಿನಲ್ಲಿ ಈ ವಾಚನ ಬಂದ ಭಾನುವಾರ ಹೊರಗೆ ಅಂಗಳದಲ್ಲಿ ನಿಂತ ಗಂಡಸರೆಲ್ಲ ಗೊಣಗಿದವರ ಪಕ್ಷ. ಬ್ಯಾಂಕಿನವರು, ಮಂಡಿಪೇಟೆಯ ಲೆಕ್ಕದವರು, ಮೇಷ್ಟ್ರುಗಳು. ಇನ್‌ಕ್ರಿಮೆಂಟು ಎಂಬ ಶಬ್ದ ಕಂಡ ಯಾರಿಗೂ ಆ ಯಜಮಾನ ಹಿಡಿಸುವುದಿಲ್ಲ.

ದಾವಣಗೆರೆಯಲ್ಲೂ ಬೆಳಿಗ್ಗೆ ವೃತ್ತಗಳ ಬಳಿ ಗಾರೆಯವರು, ಕೂಲಿಯವರು ಕರಣೆ, ಸಲಿಕೆ, ಬುತ್ತಿ ಹಿಡಿದು ನಿಲ್ಲುತ್ತಾರೆ. ಟೆಂಪೊ ಬಂದರೆ ಎಲ್ಲರೂ ಒಮ್ಮೆಗೇ ಮುಂದೆ ಬರುತ್ತಾರೆ, ತೋಳಿನಲ್ಲಿ ಕಸುವಿದ್ದವರು ಹತ್ತುತ್ತಾರೆ. ಹತ್ತು ಗಂಟೆಯ ಹೊತ್ತಿಗೆ ಉಳಿದವರು ವಯಸ್ಸಾದವರು, ಕೆಮ್ಮುವವರು, ಹೊಸಬರು. ಬುತ್ತಿಯನ್ನು ಬಿಚ್ಚದೆ ಮನೆಗೆ ಒಯ್ಯುವ ನಾಚಿಕೆಗೆ ಕೆಲವರು ಅಲ್ಲೇ ಮರದ ಕೆಳಗೆ ಉಂಡು ಹೋಗುತ್ತಾರೆ.

ನಮ್ಮ ಕಾಂಪೌಂಡ್ ಗೋಡೆ ಮಳೆಗೆ ಒಂದು ಕಡೆ ಕುಸಿದಿತ್ತು. ಮೇಸ್ತ್ರಿಗೆ ಗುತ್ತಿಗೆ ಕೊಟ್ಟಿದ್ದೆವು. ಕೂಲಿಯವರ ಬಟವಾಡೆ ಮಾತ್ರ ನಾವೇ ದಿನದಿನ ಕೊಡಬೇಕು ಎಂದು ಮಾತು. ಒಂದು ದಿನ ಆಳು ಸಾಲದೆ ಮೇಸ್ತ್ರಿ ಹನ್ನೊಂದರ ಹೊತ್ತಿಗೆ ವೃತ್ತಕ್ಕೆ ಹೋಗಿ ಉಳಿದವರಲ್ಲಿ ಒಬ್ಬನನ್ನು ಕರೆತಂದ. ತೆಳ್ಳಗಿನ, ನಡುವಯಸ್ಸಿನ ಮನುಷ್ಯ, ಇಟ್ಟಿಗೆ ಎತ್ತುವಾಗ ಮೊಣಕಾಲಿನ ಮೇಲೆ ಕೈಯೂರಿ ಏಳುತ್ತಿದ್ದ. ಸಂಜೆ ನನ್ನ ಹೆಂಡತಿ ಎಲ್ಲರಿಗೂ ದುಡ್ಡು ಎಣಿಸಿಕೊಟ್ಟಳು. ಅವನಿಗೂ ಪೂರ್ತಿ ಕೊಟ್ಟಳು.

ಆಳುಗಳು ಏನೂ ಅನ್ನಲಿಲ್ಲ. ಅಂದವನು ಮೇಸ್ತ್ರಿ. "ಏನಕ್ಕಾರೆ, ಹಿಂಗ್ ಮಾಡಿದ್ರೆ ನಾಳಿಂದ ಎಲ್ಲಾರೂ ಹನ್ನೊಂದಕ್ಕೇ ಬರ್ತಾರೆ. ನನ್ ಕೆಲ್ಸ ನಡೀಬೇಕೋ ಬ್ಯಾಡೋ?"

"ಅರ್ಧ ದಿನ ಕೂಲಿ ಕೊಟ್ರೆ ಅವರ ಮನೇಲಿ ಮಕ್ಕಳಿಗೆ ಅರ್ಧ ಹಸಿವಾಗ್ತೈತಾ ಮೇಸ್ತ್ರಿ?" ಎಂದಳು ಅವಳು, ಉಳಿದ ಚಿಲ್ಲರೆಯನ್ನು ಡಬ್ಬಿಗೆ ಹಾಕುತ್ತಾ.

ಅವಳು ಆ ಹೊತ್ತಿನಲ್ಲಿ ಮತ್ತಾಯನ ಇಪ್ಪತ್ತನೆಯ ಅಧ್ಯಾಯವನ್ನು ನೆನೆದಿದ್ದಳೇ ಎಂದು ರಾತ್ರಿ ಕೇಳಿದೆ. "ಯಾವ ಅಧ್ಯಾಯ?" ಎಂದಳು. ನಾನು ಕಥೆ ನೆನಪಿಸಿದೆ. "ಓ ಅದಾ. ಅದ್ರಲ್ಲಿ ಯಜಮಾನನ ಹೆಂಡ್ತಿ ಬರಲ್ಲ ಅಲ್ವಾ?" ಎಂದು ಮಗ್ಗುಲಾದಳು. ಬರುವುದಿಲ್ಲ, ನಿಜ. ಬಂದಿದ್ದರೆ ಸಂಜೆ ಐದರವರೆಗೆ ನಿಂತವರಿಗೆ ಕೂಲಿಯ ಜೊತೆ ಒಂದು ಲೋಟ ಚಹಾವನ್ನೂ ಕೊಟ್ಟಿರುತ್ತಿದ್ದಳೇನೋ.

ಮರುದಿನ ಏನಾಗುತ್ತದೋ ಎಂದು ನಾನು ಗೇಟಿನ ಬಳಿಯೇ ಪೇಪರು ಹಿಡಿದು ಕೂತೆ. ಹನ್ನೊಂದಕ್ಕೆ ಬಂದಿದ್ದ ಆ ಮನುಷ್ಯ ಎಂಟಕ್ಕೂ ಮೊದಲೇ ಬಂದು ಮರಳು ಜರಡಿ ಹಿಡಿಯುತ್ತಿದ್ದ. ಉಳಿದವರೂ ಹೊತ್ತಿಗೆ ಸರಿಯಾಗಿ ಬಂದರು. ಹನ್ನೊಂದಕ್ಕೆ ಬಂದವನು ಒಬ್ಬನೇ, ಮೇಸ್ತ್ರಿ. ಬೈಕಿನ ಟೈರು ಪಂಕ್ಚರಾಗಿತ್ತಂತೆ.

ಹರಿಹರಕ್ಕೆ ಫೋನು ಮಾಡಿ ಇದಷ್ಟನ್ನೂ ಒಪ್ಪಿಸಿದೆ. ಅತ್ತೆಗೆ ಇದಕ್ಕಿಂತ ಒಳ್ಳೆಯ ಕಚ್ಚಾಮಾಲು ಸಿಗಲಾರದು ಎಂದು ನನ್ನ ಲೆಕ್ಕ. ಯಜಮಾನ ಯಾರು, ಕೂಲಿಯವನು ಯಾರು, ಪಂಕ್ಚರಾದ ಟೈರು ಯಾರು, ಎಲ್ಲ ಬಿಡಿಸಿ ಹೇಳುತ್ತಾರೆಂದು ಕಿವಿ ನೆಟ್ಟಗೆ ಮಾಡಿಕೊಂಡೆ. ಆ ಕಡೆಯಿಂದ ಸ್ವಲ್ಪ ಹೊತ್ತು ಕುಕ್ಕರಿನ ಸದ್ದು ಮಾತ್ರ ಬಂತು.

"ಏನು ಪಾಠ ಅತ್ತೆ ಇದ್ರಲ್ಲಿ?" ಎಂದೆ.

"ಪಾಠ ಆಮೇಲೆ. ಮೇಸ್ತ್ರಿ ಇಲ್ದಾಗ ಹನ್ನೊಂದರ ತನಕ ಗೋಡೆ ಕಟ್ಯಾರಲ್ಲ" ಎಂದರು ಅತ್ತೆ, "ಹೋಗಿ ತೂಕದ ಗುಂಡು ಬಿಟ್ಟು ನೋಡಪಾ, ನೆಟ್ಟಗೆ ಐತೋ ಇಲ್ವೋ." ಹಿಂದಿನಿಂದ ಮಾವನ ದನಿ: "ನೀರು ಹೋಗಾಕೆ ಕೆಳಗೆ ತೂತು ಬಿಟ್ಟಾರೇನು ಕೇಳು."